ಟಾರ್ಚಿನೊಳಗಿನ ಬಿಳಿ ಹುಡಿ

ಇವತ್ತು ಬದಿಯಡ್ಕದಲ್ಲಿ ಮಧ್ಯಾಹ್ನವೇ ಕತ್ತಲೆ ಕಟ್ಟಿ ಕರೆಂಟು ಹೋಯ್ತು. ನೆರೆಮನೆಯವರು ಕಪಾಟಿನಿಂದ ತೆಗೆದ ಟಾರ್ಚು ಉರಿಯಲಿಲ್ಲ. ಮುಚ್ಚಳ ತಿರುಗಿಸಿದರೆ ಒಳಗೆಲ್ಲ ಬಿಳಿ ಹುಡಿ, ಸ್ಪ್ರಿಂಗಿನ ತುದಿ ಹಸಿರು.

ಸೆಲ್ ಸೋರಿದ್ದು ಅದು. ಆಲ್ಕಲೈನ್ ಸೆಲ್ಲಿನೊಳಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಇರುತ್ತದೆ. ಸೆಲ್ ಪೂರ್ತಿ ಇಳಿದ ಮೇಲೆ ಒಳಗೆ ಅನಿಲ ತುಂಬಿ ಸೀಲ್ ಬಿಡುತ್ತದೆ, ಹೊರಬಂದದ್ದು ಗಾಳಿ ತಾಗಿ ಹುಡಿಯಾಗುತ್ತದೆ. ಹಳತು ಹೊಸತು ಬೆರೆಸಿ ಹಾಕಿದರೆ ಇನ್ನೂ ಬೇಗ, ಗಟ್ಟಿ ಸೆಲ್ಲು ಸೋತ ಸೆಲ್ಲನ್ನು ಉಲ್ಟಾ ಓಡಿಸುತ್ತದೆ. ಎಲೆಕ್ಟ್ರಾನಿಕ್ ಸ್ವಿಚ್ಚಿನ ಟಾರ್ಚಾದರೆ ಆಫ್ ಇದ್ದಾಗಲೂ ಚೂರು ಚೂರೇ ಎಳೆಯುತ್ತಿರುತ್ತದೆ.

ಬಿಸಾಡಬೇಡಿ ಮಾರಾಯ್ರೆ. ಹುಡಿ ಕೈಗೆ, ಕಣ್ಣಿಗೆ ತಾಗದ ಹಾಗೆ ಗ್ಲೌಸ್ ಹಾಕಿ ಸೆಲ್ ತೆಗೆಯಿರಿ. ಹತ್ತಿಗೆ ಎರಡು ಹನಿ ವಿನೆಗರ್ ಅಥವಾ ಲಿಂಬೆರಸ ಹಾಕಿ ಉಜ್ಜಿ. ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಸ್ಪ್ರಿಂಗಿನ ತುದಿಗೆ ಸ್ಯಾಂಡ್‌ಪೇಪರ್ ಸಾಕು.

ಬೆಳಗಿನ ಜಾವ ರಬ್ಬರು ಟ್ಯಾಪಿಂಗಿಗೆ ಹೋಗುವವರ ಹೆಡ್‌ಲೈಟು ಕೆಟ್ಟರೆ ಅವತ್ತೇ ಗೊತ್ತಾಗುತ್ತದೆ. ಆದರೆ ಆಪತ್ತಿಗೆಂದು ಎತ್ತಿಟ್ಟ ಟಾರ್ಚು ಕೆಟ್ಟದ್ದು ಆಪತ್ತಿನ ದಿನವೇ ಗೊತ್ತಾಗುವುದು.

ಹಾಗಾಗಿ ಎತ್ತಿಡುವ ಟಾರ್ಚಿನಿಂದ ಸೆಲ್ ಹೊರಗೆ ತೆಗೆದಿಡಿ, ಬೇರೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ, ಆದರೆ ಟಾರ್ಚಿಗೇ ಕಟ್ಟಿ. ಮಳೆಗಾಲಕ್ಕೆ ಮೊದಲು ಒಮ್ಮೆ ಹಾಕಿ ನೋಡಿ. ಲಿಥಿಯಂ ಸೆಲ್ ದುಬಾರಿ ಹೌದು, ಆದರೆ ಸೋರುವುದು ಅಪರೂಪ, ಭಾರವೂ ಕಡಿಮೆ. ರಾಣಿಪುರಂ ಗುಡ್ಡ ಹತ್ತುವವರ ಚೀಲಕ್ಕೆ ಅದೇ ಒಳ್ಳೆಯದು.