ಹಳೇ ರಿಜಿಸ್ಟರ್ ಯಾವಾಗ ಮುಚ್ಚುತ್ತೀರಿ?

"ಹೊಸ ಸಾಫ್ಟ್‌ವೇರ್ ತಂದ್ವಿ, ತರಬೇತಿಯನ್ನೂ ಕೊಟ್ವಿ. ಆದ್ರೂ ನಮ್ಮವರು ಹಳೇ ರಿಜಿಸ್ಟರ್ ಬಿಡ್ತಾನೇ ಇಲ್ಲ. ಹೇಗೆ ಒಪ್ಪಿಸೋದು?" ಕಚೇರಿ ನಡೆಸುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ನಾನು ಮೊದಲು ಒಂದು ಮಾತು ಕೇಳುತ್ತೇನೆ: ಆ ಹಳೇ ರಿಜಿಸ್ಟರ್ ಯಾವ ತಾರೀಖಿಗೆ ಮುಚ್ಚುತ್ತೀರಿ?

"ಸದ್ಯಕ್ಕೆ ಎರಡೂ ಇರಲಿ" ಅಂತಾರೆ. ಕೆಲಸ ಕೆಡುವುದು ಅಲ್ಲೇ. ಒಂದೇ ಲೆಕ್ಕವನ್ನು ಎರಡು ಕಡೆ ಬರೆಯಬೇಕು ಅಂದರೆ ಯಾರು ತಾನೇ ಖುಷಿಯಿಂದ ಬರೆಯುತ್ತಾರೆ?

ನಮ್ಮ ರಾಜ್ಯದ 'ಭೂಮಿ' ಯೋಜನೆಯನ್ನೇ ನೋಡಿ. ಮೊದಲು ಪಹಣಿ, ಅಂದರೆ ಜಮೀನು ಯಾರದ್ದು ಅನ್ನುವ ದಾಖಲೆ, ಇದ್ದದ್ದು ಕೈಬರಹದಲ್ಲಿ, ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ. ರೈತರು ಅವರನ್ನು ಹುಡುಕಿಕೊಂಡು ಅಲೆಯಬೇಕಿತ್ತು. 2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಹೋದವು. ತುಂಬಿದ ವಿವರ ಸರಿ ಇದೆಯಾ ಅಂತ ತಾಳೆ ನೋಡುವ ಕೆಲಸಕ್ಕೆ ಲೆಕ್ಕಿಗರನ್ನೇ ಹಚ್ಚಿದರು. ಊರಿನ ಜಮೀನು ಅವರಷ್ಟು ಬಲ್ಲವರು ಯಾರಿದ್ದರು?

ಆಮೇಲೆ ಮಾಡಿದ್ದು ಇನ್ನೂ ದೊಡ್ಡದು. ತಾಲ್ಲೂಕಿನ ದಾಖಲೆ ಸಿದ್ಧವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಬೆಲೆಯೇ ಇಲ್ಲ ಅಂದುಬಿಟ್ಟರು. ಆಗ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕಟ್ಟಿದರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಯೂ ಅಷ್ಟೇ, ಮೊದಲು ಬಂದದ್ದು ಮೊದಲು. ನಡುವೆ ಒಂದನ್ನು ಎತ್ತಿ ಮುಂದೆ ಹಾಕುವ ಹಾಗಿರಲಿಲ್ಲ. ಇದರಿಂದ ಕೆಲವರ ಅಧಿಕಾರ ಹೋಯಿತು, ನಿಜ. ಅಧಿಕಾರ ಹೋಗುತ್ತದೆ ಅಂತ ಹುಟ್ಟುವ ವಿರೋಧ ಬರೀ ಮಾತಿಗೆ ಕರಗುವುದಿಲ್ಲ. ಹಳೇ ದಾರಿಯನ್ನೇ ಮುಚ್ಚಬೇಕು.

ಹಾಗಂತ ಎಲ್ಲ ವಿರೋಧವೂ ಆ ಥರದ್ದಲ್ಲ. ಅದೇ ಗ್ರಾಮ ಲೆಕ್ಕಿಗರ ಹುದ್ದೆಯವರು, ಈಗಿನ ಗ್ರಾಮ ಆಡಳಿತ ಅಧಿಕಾರಿಗಳು, 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರಕ್ಕೆ ಕೂತರು. ಒಂದರ ಮೇಲೊಂದು ಆ್ಯಪ್ ಹೇರುತ್ತೀರಿ, ಕೆಲಸ ಮಾಡಲು ಲ್ಯಾಪ್‌ಟಾಪ್ ಇಲ್ಲ, ಪ್ರಿಂಟರ್ ಇಲ್ಲ, ಕೂರಲು ಸರಿಯಾದ ಕಚೇರಿಯೂ ಇಲ್ಲ ಅನ್ನುವುದು ಅವರ ದೂರು. ಇದನ್ನು 'ಹೊಸದಕ್ಕೆ ಹೆದರುತ್ತಾರೆ' ಅಂತ ತಳ್ಳಿಹಾಕಿದರೆ ಅನ್ಯಾಯ.

ಆದ್ದರಿಂದ ನಿಮ್ಮ ಕಚೇರಿಯಲ್ಲಿ ಎಲ್ಲರಿಗಿಂತ ಜೋರಾಗಿ 'ಆಗಲ್ಲ' ಅನ್ನುವವರ ಪಕ್ಕ ಒಂದು ದಿನ ಕೂತು ನೋಡಿ. ಅವರ ಕಂಪ್ಯೂಟರ್ ತೆರೆದುಕೊಳ್ಳಲು ಎಷ್ಟು ಹೊತ್ತು ಬೇಕು, ಸಿಕ್ಕಿಹಾಕಿಕೊಂಡಾಗ ಯಾರನ್ನು ಕೇಳುತ್ತಾರೆ, ಯಾವ ಕಾಗದವನ್ನು ಸುಮ್ನೆ ಎರಡನೇ ಸಲ ತುಂಬುತ್ತಿದ್ದಾರೆ, ಎಲ್ಲ ಗೊತ್ತಾಗುತ್ತದೆ. ಬೇಕಾದ್ದನ್ನು ಮೊದಲು ಕೊಡಿ. ಹಳೇ ಪುಸ್ತಕ ನಿಲ್ಲಿಸುವ ತಾರೀಖು ಆಮೇಲೆ ಹೇಳಿ, ಹೇಳಿದ ಮೇಲೆ ಮುಂದಕ್ಕೆ ಹಾಕಬೇಡಿ. ಆ ತಾರೀಖು ಮಾತ್ರ ಮಾರ್ಚ್ ತಿಂಗಳಲ್ಲಿ ಬೇಡ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಹೊಸದನ್ನು ಕಲಿಯಲು ಯಾರಿಗೂ ಪುರುಸೊತ್ತು ಇರುವುದಿಲ್ಲ.