ಶಾಲೆ ಮುಗೀತು, ಮುಂದೇನು ಮೇಡಂ?

"ಮಗನಿಗೆ 18 ತುಂಬ್ತು ಮೇಡಂ. ಶಾಲೆಯಲ್ಲಿ ಇನ್ನು ಇಟ್ಕೊಳ್ಳಲ್ಲ ಅಂತಾರೆ. ಮುಂದೇನು?" ಬೌದ್ಧಿಕ ನ್ಯೂನತೆ ಇರುವ ಮಕ್ಕಳ ವಿಶೇಷ ಶಾಲೆಯಲ್ಲಿ ಪಾಠ ಮಾಡುವ ನನ್ನನ್ನು ತಂದೆತಾಯಂದಿರು ಹೆಚ್ಚು ಕೇಳುವುದು ಇದನ್ನೇ.

ಈ ಪ್ರಶ್ನೆಯನ್ನು ಮಗುವಿಗೆ 14 ಆದಾಗಲೇ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿರುವುದು 18ರವರೆಗೆ ಮಾತ್ರ. ಆಮೇಲೆ ಬೆಳಿಗ್ಗೆ ಎದ್ದು ಹೊರಡುವುದಕ್ಕೆ ಜಾಗವೇ ಇಲ್ಲದಂತಾಗುತ್ತದೆ. ಟಿವಿ ಮುಂದೆ ಕೂತ ಹುಡುಗ ಕಲಿತದ್ದನ್ನೂ ಮರೆಯುತ್ತಾ ಹೋಗುತ್ತಾನೆ.

14 ದಾಟಿದ ಮೇಲೂ ಅಕ್ಷರ ಕೂಡದವನಿಗೆ ಮತ್ತೆ ಮತ್ತೆ ಕಾಗುಣಿತ ತಿದ್ದಿಸಬೇಡಿ. ಬಸ್ ಹತ್ತುವುದನ್ನು ಕಲಿಸಿ. ಮೊದಲು ಪಕ್ಕದಲ್ಲೇ ಕೂತು ಹೋಗಿ. ಅಭ್ಯಾಸವಾದ ಮೇಲೆ ನೀವು ಹಿಂದಿನ ಸೀಟಿಗೆ ಹೋಗಿ. ಆಮೇಲೆ ಒಬ್ಬರು ಹತ್ತಿಸಿ, ಇನ್ನೊಬ್ಬರು ಇಳಿಯುವ ಸ್ಟಾಪಿನಲ್ಲಿ ಕಾಯಿರಿ. ತಿಂಗಳುಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ನೋಟು ಗುರುತಿಸುವುದು, ಚಿಲ್ಲರೆ ಕೇಳಿ ಪಡೆಯುವುದು, ಗಡ್ಡ ಮಾಡಿಕೊಳ್ಳುವುದು, ಮುಟ್ಟಿನ ದಿನಗಳಲ್ಲಿ ತನ್ನನ್ನು ತಾನೇ ನೋಡಿಕೊಳ್ಳುವುದು, ಎಲ್ಲವೂ ಹೀಗೇ ನಿಧಾನಕ್ಕೆ ಬರುತ್ತವೆ. ಇವು ಬಾರದೆ ಕೆಲಸಕ್ಕೆ ಸೇರಿದವರು ನಿಲ್ಲುವುದು ಕಷ್ಟ.

ಇನ್ನು ಕೆಲಸ. ಸರ್ಕಾರಿ ಹುದ್ದೆಗಳಲ್ಲಿ 4% ಮೀಸಲಾತಿಯಿದೆ. ಅದರಲ್ಲಿ ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಎಲ್ಲಕ್ಕೂ ಸೇರಿ 1%. ಅದನ್ನೇ ನಂಬಿ ಕಾಯುವುದು ಬೇಡ. ಮಗುವಿಗೆ ಯಾವುದರಲ್ಲಿ ಕೈ ಓಡುತ್ತದೆ ನೋಡಿ. ಗಿಡಗಳ ಜೊತೆ ಖುಷಿಯಾಗಿರುವವರಿಗೆ ಅಂಗವಿಕಲರಿಗಾಗಿ ದುಡಿಯುವ ಬೆಂಗಳೂರಿನ ಎಪಿಡಿ ಸಂಸ್ಥೆ ತೋಟಗಾರಿಕೆ ಕಲಿಸುತ್ತಾ ಬಂದಿದೆ. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆಯನ್ನು ನಡೆಸುವವರು ಅಂಗವೈಕಲ್ಯವಿರುವ ಯುವಜನರೇ. ಹಳ್ಳಿಯಲ್ಲಿ ಇಂಥದ್ದೇನೂ ಇಲ್ಲವಲ್ಲ ಅಂತೀರಿ, ನಿಜ. ಆದರೆ ಹಸುವಿಗೆ ಹುಲ್ಲು ಹಾಕಿ ಡೈರಿಗೆ ಹಾಲು ಒಯ್ಯುವುದೂ ಕೆಲಸವೇ. ಹಾಲಿನ ದುಡ್ಡಿನಲ್ಲಿ ಅವನ ಪಾಲನ್ನು ಅವನ ಕೈಗೇ ಕೊಡಬೇಕು ಅಷ್ಟೇ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಮಾಸಾಶನದ ಅರ್ಜಿಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ.

ಬಹಳ ಜನರಿಗೆ ಗೊತ್ತಿರದ ಸಂಗತಿ ಇನ್ನೊಂದಿದೆ. 18 ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ಅವನು ವಯಸ್ಕ, ಹೆತ್ತವರೂ ತಾನಾಗಿಯೇ ಅವನ ಕಾನೂನುಬದ್ಧ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. ಬ್ಯಾಂಕಿನವರು ಗಾರ್ಡಿಯನ್ ಪತ್ರ ಕೇಳಿದಾಗಲೇ ಎಷ್ಟೋ ಮನೆಗಳಿಗೆ ಇದು ತಿಳಿಯುವುದು. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಕೈಕಾಲಿನ ಚಲನೆಗೆ ಬರುವ ತೊಂದರೆ), ಬೌದ್ಧಿಕ ನ್ಯೂನತೆ, ಬಹುವಿಧ ಅಂಗವೈಕಲ್ಯ ಇದ್ದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಇಂಥ ಗಾರ್ಡಿಯನ್ ಅನ್ನು ನೇಮಿಸಬಹುದು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ. ಆದರೆ ಎಲ್ಲರಿಗೂ ಇದು ಬೇಕಿಲ್ಲ. ಕೊಂಚ ನೆರವಿದ್ದರೆ ತನ್ನ ಬೇಕುಬೇಡ ತಾನೇ ಹೇಳಬಲ್ಲವನ ಸಹಿಯ ಹಕ್ಕನ್ನು ಆತುರದಲ್ಲಿ ಕಿತ್ತುಕೊಳ್ಳಬೇಡಿ.

ಹೆಣ್ಣುಮಕ್ಕಳ ತಾಯಂದಿರು, "ಹೊರಗೆ ಕಳಿಸೋಕೆ ಭಯ" ಅಂತಾರೆ. ಆ ಭಯ ಸುಳ್ಳಲ್ಲ. ಆದರೂ ಮನೆಯೊಳಗೇ ಇಟ್ಟರೆ ಕ್ಷೇಮ ಎನ್ನುವುದನ್ನು ನಾನು ಒಪ್ಪಲಾರೆ. ಯಾರು ಮುಟ್ಟಬಹುದು, ಯಾರು ಮುಟ್ಟಬಾರದು, "ಬೇಡ" ಎಂದು ಜೋರಾಗಿ ಹೇಳುವುದು ಹೇಗೆ ಎಂಬುದನ್ನು ಚಿಕ್ಕಂದಿನಿಂದಲೇ ಹೇಳಿಕೊಡಿ. ಹಾಲಿನ ಬೂತಿನವರು, ಕಂಡಕ್ಟರ್, ಬೀದಿಯ ಅಂಗಡಿಯವರು, ಇವರಿಗೆಲ್ಲ ಅವಳ ಹೆಸರು ಗೊತ್ತಿರಲಿ. ಒಂದು ದಿನ ಅವಳು ಬರಲು ತಡವಾದರೆ ಫೋನ್ ಮಾಡುವವರು ಅವರೇ.