ನಡುಹಲ್ಲು ಕೊನೆಗೂ ಸಿಕ್ಕಿತು

ಸಿಕ್ಕಿತು! ಇರುವೆಯ ಕ್ಲೈಪಿಯಸ್ (ಬಾಯಿಯ ಮೇಲಿನ ಮುಖದ ತಟ್ಟೆ) ಅಂಚಿನ ನಟ್ಟನಡುವೆ ಒಂದು ಹಲ್ಲು. ಕೂದಲಲ್ಲ, ಬೆಳಕಿನ ಹೊಳಪಲ್ಲ, ಸ್ಟ್ಯಾಕಿಂಗ್ (ಬೇರೆ ಬೇರೆ ಫೋಕಸ್‌ನ ಫೋಟೊಗಳನ್ನು ಒಂದಾಗಿಸುವ) ಸಾಫ್ಟ್‌ವೇರ್ ಹುಟ್ಟುಹಾಕಿದ ಭೂತವೂ ಅಲ್ಲ. ಹಲ್ಲೇ. ಇರುವೆಯ ಬಾಯಿಯ ಮೇಲಿನ ಒಂದು ಮುಳ್ಳಿಗಾಗಿ ಇಷ್ಟು ದಿನ ಒದ್ದಾಡಿದೆ ಅಂತ ಮನೆಯಲ್ಲಿ ಹೇಳಿದರೆ ನಗುತ್ತಾರೆ. ನೀವಾದರೂ ಅರ್ಥ ಮಾಡಿಕೊಳ್ಳುತ್ತೀರಿ ಅಲ್ವಾ?

ಹಿಂದಿನ ಸಲ ಹೇಳಿದ, ಕೊಂಡು ತಂದ ಒಣ ಇರುವೆಗಳ ಲಾಟ್ ನೆನಪಿರಬಹುದು. ನಾಲ್ಕು ಪೆಟ್ಟಿಗೆ, ನಾಲ್ಕರ ಮೇಲೂ 'ಬೆಂಕಿ ಇರುವೆ' ಅಂತ ಒಂದೇ ಥರದ ಚೀಟಿ. ಎಲ್ಲಿ ಹಿಡಿದದ್ದು, ಯಾವಾಗ ಹಿಡಿದದ್ದು, ಒಂದೂ ಇಲ್ಲ. ಮಾರಿದವರನ್ನು ಕೇಳಿದೆ. 'ಕುಟುಕಿದರೆ ಉರಿಯುತ್ತದೆ, ಅದಕ್ಕೇ ಬೆಂಕಿ ಇರುವೆ' ಅಂತ ಉತ್ತರ ಬಂತು. ಆ ಲೆಕ್ಕಕ್ಕೆ ಇಳಿದರೆ ಅರ್ಧ ಇರುವೆ ಸಂಕುಲವೇ ಬೆಂಕಿ ಇರುವೆ ಆಗಿಬಿಡುತ್ತದೆ.

ತಮಾಷೆ ಏನೆಂದರೆ, ಚೀಟಿ ಪೂರ್ತಿ ಸುಳ್ಳೂ ಅಲ್ಲ. ಮೊದಲ ಪೆಟ್ಟಿಗೆ ತೆಗೆದರೆ ಮೀಸೆಯಲ್ಲಿ (ಆಂಟೆನಾದಲ್ಲಿ) 12 ಗೆಣ್ಣು, ಎದೆಯ ಹಿಂಭಾಗದಲ್ಲಿ ಎರಡು ಮುಳ್ಳು. ಮಿರ್ಮಿಕಾ ಕುಲ, ಬಹುಶಃ ರೂಬ್ರಾ ಜಾತಿ. ಯುರೋಪಿನಿಂದ ಉತ್ತರ ಅಮೆರಿಕಕ್ಕೆ ಹೋಗಿ ಅಲ್ಲಿ 'ಯುರೋಪಿಯನ್ ಫೈರ್ ಆ್ಯಂಟ್' ಅನ್ನಿಸಿಕೊಂಡದ್ದು ಇದೇ. ಎರಡನೆಯದು ಒಂದೂವರೆ ಮಿಲಿಮೀಟರ್ ಉದ್ದದ ಹೊಂಬಣ್ಣದ ಪುಟಾಣಿ. ಮೀಸೆಗೆ 11 ಗೆಣ್ಣು, ಮುಳ್ಳು ಮಾತ್ರ ಉದ್ದುದ್ದ. ವಾಸ್ಮಾನಿಯಾ ಆರೋಪಂಕ್ಟಾಟಾ, ಅಂದರೆ 'ಲಿಟಲ್ ಫೈರ್ ಆ್ಯಂಟ್'. ಇವೆರಡೂ ಸೊಲೆನೋಪ್ಸಿಸ್ ಕುಲವೇ ಅಲ್ಲ. ಉರಿಸುವುದರಲ್ಲಿ ಮಾತ್ರ ನೆಂಟರು.

ಅಸಲಿ ಬೆಂಕಿ ಇರುವೆ ಅಂದರೆ ಸೊಲೆನೋಪ್ಸಿಸ್. ಆದರೆ ಇಡೀ ಕುಲಕ್ಕೂ ಆ ಪಟ್ಟ ಇಲ್ಲ. 200ಕ್ಕೂ ಹೆಚ್ಚು ಜಾತಿಗಳಲ್ಲಿ ಬೆಂಕಿಯವು ಇಪ್ಪತ್ತರ ಆಸುಪಾಸು. ಉಳಿದವುಗಳಲ್ಲಿ ಹೆಚ್ಚಿನವು ಬೇರೆ ಇರುವೆಗಳ ಗೂಡಿಗೆ ಸಣ್ಣ ಸುರಂಗ ಕೊರೆದು ಮರಿ ಕದಿಯುವ ಕಳ್ಳ ಇರುವೆಗಳು. ಕುಲ ಗುರುತಿಸುವುದು ನಿಮಗೆ ಗೊತ್ತೇ ಇದೆ: ಮೀಸೆಗೆ 10 ಗೆಣ್ಣು, ಮೀಸೆ ತುದಿಯ ದಪ್ಪ ಗದೆಗೆ ಎರಡು, ಸೊಂಟಕ್ಕೆ ಎರಡು ಗಂಟು, ಬೆನ್ನಲ್ಲಿ ಮುಳ್ಳಿಲ್ಲ. ಮೂರನೇ ಪೆಟ್ಟಿಗೆಯಲ್ಲಿ ದೊಡ್ಡ ಕೆಲಸಗಾರ್ತಿಯರೂ ಇದ್ದರು. ಚೌಕ ತಲೆ, ನೆತ್ತಿಯಿಂದ ಇಳಿಯುವ ಗೆರೆ, ಹಿಂದೆ ಎರಡು ಉಬ್ಬು. ಸೊಲೆನೋಪ್ಸಿಸ್ ಜೆಮಿನೇಟಾ, ಉಷ್ಣವಲಯದ ಬೆಂಕಿ ಇರುವೆ. ದೊಡ್ಡ ತಲೆ ಕಂಡ ಕೂಡಲೇ ಫೈಡೋಲೆ (ದೊಡ್ಡ ತಲೆಯ ಇನ್ನೊಂದು ಇರುವೆ ಕುಲ) ಅನ್ನಬೇಡಿ, ಮೊದಲು ಗೆಣ್ಣು ಎಣಿಸಿ. ಫೈಡೋಲೆಯ ಗದೆಗೆ ಮೂರು ಗೆಣ್ಣು.

ಗೋಳು ಶುರುವಾದದ್ದು ನಾಲ್ಕನೇ ಪೆಟ್ಟಿಗೆಯಿಂದ.

ಅದರಲ್ಲಿ ಇದ್ದದ್ದು ಬರೀ ಚಿಕ್ಕ ಕೆಲಸಗಾರ್ತಿಯರು. ಸೊಲೆನೋಪ್ಸಿಸ್ ಅನ್ನುವುದು ಖಚಿತ, ಕಳ್ಳ ಇರುವೆ ಅಲ್ಲ ಅನ್ನುವುದೂ ಖಚಿತ. ಆದರೆ ಜೆಮಿನೇಟಾವೋ, ಇನ್ನೊಂದು ಬೆಂಕಿ ಇರುವೆ ಜಾತಿಯಾದ ಇನ್ವಿಕ್ಟಾವೋ? ದೊಡ್ಡ ತಲೆಯದು ಒಂದಿದ್ದರೂ ಸಾಕಿತ್ತು. ಊರಿನ ಹೆಸರಿದ್ದಿದ್ದರೂ ಒಂದು ಅಂದಾಜು ಸಿಗುತ್ತಿತ್ತು, ಅದೂ ಪೂರ್ತಿ ನಂಬುವಂಥದ್ದಲ್ಲ. ಜೆಮಿನೇಟಾ 16ನೇ ಶತಮಾನದಲ್ಲೇ ಅಕಾಪುಲ್ಕೊದಿಂದ ಮನಿಲಾಕ್ಕೆ ಓಡಾಡುತ್ತಿದ್ದ ಸ್ಪ್ಯಾನಿಷ್ ಹಡಗುಗಳಲ್ಲಿ ಏಷ್ಯಾಕ್ಕೆ ಬಂದು, ಬಿಸಿ ಇರುವ ಕಡೆಯೆಲ್ಲ ಹಬ್ಬಿದೆ. ಇನ್ವಿಕ್ಟಾ ದಕ್ಷಿಣ ಅಮೆರಿಕದ್ದು. 1930ರ ದಶಕದಲ್ಲಿ ಅಲಬಾಮಾದ ಮೊಬೈಲ್ ಬಂದರಿನಲ್ಲಿ ಇಳಿಯಿತು. 2001ರಲ್ಲಿ ಬ್ರಿಸ್ಬೇನ್‌ನಲ್ಲಿ ಪತ್ತೆಯಾಯಿತು, ಆಮೇಲೆ ತೈವಾನ್, ಚೀನಾ, 2023ರಲ್ಲಿ ಇಟಲಿಯ ಸಿಸಿಲಿ. ಹೀಗೆ ಊರೂರು ತಿರುಗುವ ಇರುವೆಗೆ ವಿಳಾಸ ಹಿಡಿದು ಹೆಸರಿಡಲು ಆಗುವುದಿಲ್ಲ.

ಇವೆರಡನ್ನು ಬೇರೆ ಮಾಡಲು ನಮಗೆ ಸಿಗುವ ಗುರುತು ಮುಖ್ಯವಾಗಿ ಎರಡು. ಒಂದು, ಸೊಂಟದ ಮೊದಲ ಗಂಟಿನ ಕೆಳಗಿರುವ ಚಾಚು. ಜೆಮಿನೇಟಾದಲ್ಲಿ ಎದ್ದು ಕಾಣುತ್ತದೆ, ಇನ್ವಿಕ್ಟಾದಲ್ಲಿ ತೀರಾ ಚಿಕ್ಕದು ಅಥವಾ ಇಲ್ಲವೇ ಇಲ್ಲ. ಎರಡು, ಕ್ಲೈಪಿಯಸ್ ನಡುವಿನ ಹಲ್ಲು. ಇನ್ವಿಕ್ಟಾಕ್ಕೆ ಇದೆ, ಜೆಮಿನೇಟಾಕ್ಕೆ ಇಲ್ಲ.

ಮೊದಲನೆಯದನ್ನು ಮಾರಾಟಗಾರರೇ ಮುಚ್ಚಿಹಾಕಿದ್ದಾರೆ. ಪಿನ್ನಿಗೆ ಚುಚ್ಚಿದ ಕಾರ್ಡಿನ ತುದಿಗೆ ಇರುವೆಯನ್ನು ಅಂಟಿಸಲು ಕಾಲುಗಳ ಬುಡದಲ್ಲಿ ಒಂದು ಚುಕ್ಕೆ ಅಂಟು ಸಾಕು. ಇವರು ಇರುವೆಯ ಹೊಟ್ಟೆಯಡಿ ಪೂರ್ತಿ ಸೂಪರ್ ಗ್ಲೂ ಸುರಿದಿದ್ದಾರೆ. ಸೊಂಟದ ಕೆಳಭಾಗ ಗಾಜಿನೊಳಗೆ ಹೂತಿದೆ. ನೀರಿಗೆ ಕರಗುವ ಅಂಟು ಹಾಕಿ ಅಂತ ಯಾರಾದರೂ ಇವರಿಗೆ ಹೇಳಬಾರದೇ? ಹಾಗಾಗಿ ಉಳಿದದ್ದು ಹಲ್ಲೊಂದೇ.

ಕ್ಯಾಮೆರಾಗೆ ಹತ್ತು ಪಟ್ಟಿನ ಆಬ್ಜೆಕ್ಟಿವ್ (ಸೂಕ್ಷ್ಮದರ್ಶಕದ ಮಸೂರ) ಹಾಕಿ ಎದುರುಮುಖದ ಚಿತ್ರ ತೆಗೆದೆ. ಮೊದಲ ಫಲ: ಸುಣ್ಣ ಬಳಿದ ಗೋಡೆ. ಇರುವೆಯ ಚರ್ಮದ ಹೊಳಪಿಗೆ ಅಂಚು ಪೂರ್ತಿ ಬಿಳಿಯಾಗಿತ್ತು. ಬೆಳಕು ಮೃದು ಮಾಡುವ ಡಿಫ್ಯೂಸರ್ ಅನ್ನು ಇನ್ನಷ್ಟು ಹತ್ತಿರಕ್ಕೆ ತಂದು, ಇರುವೆಯ ಸುತ್ತ ಟ್ರೇಸಿಂಗ್ ಪೇಪರ್ ಸುರುಳಿ ನಿಲ್ಲಿಸಿದ ಮೇಲೆ ಬಿಳುಪು ಇಳಿಯಿತು. ಅಂಚು ಕಂಡಿತು. ಅಂಚಿನಲ್ಲಿ ಮೂರು ಮೊನೆ ಕಂಡವು. ಆಹಾ, ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮೂರನೇ ಪೆಟ್ಟಿಗೆಯ ಜೆಮಿನೇಟಾವನ್ನು ಅದೇ ಬೆಳಕಲ್ಲಿ ತೆಗೆದು ನೋಡಿದೆ. ಅದರಲ್ಲೂ ಮೂರು!

ಕಿತಾಪತಿ ಯಾರದ್ದು ಗೊತ್ತೇ? ಕೂದಲಿನದು. ಸೊಲೆನೋಪ್ಸಿಸ್‌ಗೆ ಕ್ಲೈಪಿಯಸ್ ಅಂಚಿನ ಸರಿ ನಡುವೆ ಒಂಟಿ ಕೂದಲು ಇರುತ್ತದೆ. ಅದರ ಎರಡೂ ಕಡೆ ಒಂದೊಂದು ಹಲ್ಲು ಎರಡೂ ಜಾತಿಗೆ ಇವೆ. ಪ್ರಶ್ನೆ ಇರುವುದು ನಡುವಿನದರ ಬಗ್ಗೆ, ಕೂದಲು ನಿಂತಿರುವುದೂ ಸರಿಯಾಗಿ ಅಲ್ಲೇ. ಕೂದಲು ನಮ್ಮ ಕಡೆಗೆ ಚಾಚಿಕೊಂಡಿರುತ್ತದಲ್ಲ, ಎದುರಿನಿಂದ ನೋಡಿದರೆ ಅದರ ಉದ್ದವೆಲ್ಲ ಮಡಚಿ ಬುಡದ ಹತ್ತಿರ ಒಂದು ಮೊಂಡು ಮೊನೆಯಾಗಿ ಕಾಣುತ್ತದೆ. ಸ್ಟ್ಯಾಕಿಂಗ್ ಸಾಫ್ಟ್‌ವೇರ್ ಝೆರೀನ್‌ನಲ್ಲಿ ಡೀಮ್ಯಾಪ್ ಅನ್ನುವ ವಿಧಾನ ಹಾಕಿದರೆ ಕೂದಲಿನ ಸುತ್ತ ಮಸುಕು ಬಳಿದು ಅದನ್ನು ಇನ್ನೂ ದಪ್ಪ ಮಾಡುತ್ತದೆ. ಪೀಮ್ಯಾಕ್ಸ್ ಅನ್ನುವ ಇನ್ನೊಂದು ವಿಧಾನ ಕೂದಲನ್ನು ಚೆನ್ನಾಗಿ ಹಿಡಿಯುತ್ತದೆ, ಜತೆಗೆ ಹೊಳಪನ್ನೂ ಏರಿಸಿ ಅಂಚನ್ನು ಮತ್ತೆ ಕೆಡಿಸುತ್ತದೆ. ಹಲ್ಲಿಗಿಂತ ಸಾಫ್ಟ್‌ವೇರ್ ಜಾಸ್ತಿ ಕಚ್ಚಿತು.

ಒಂದು ಫೋಟೊದಿಂದ ಇನ್ನೊಂದಕ್ಕೆ ಫೋಕಸ್ ಸರಿಸುವ ಹೆಜ್ಜೆ ಚಿಕ್ಕದು ಮಾಡಿದರೆ ಸರಿಹೋಗಬಹುದು ಅಂತ ನೀವು ಹೇಳುತ್ತೀರಿ. ಮಾಡಿದೆ. 0.25 ಅಪರ್ಚರ್‌ನ ಆಬ್ಜೆಕ್ಟಿವ್‌ಗೆ ಫೋಕಸ್ ಆಳ ಸುಮಾರು 9 ಮೈಕ್ರಾನ್. ಹೆಜ್ಜೆಯನ್ನು ಅದರ ಅರ್ಧಕ್ಕೆ ಇಳಿಸಿದರೂ ವ್ಯತ್ಯಾಸ ಇಲ್ಲ. ಹೆಚ್ಚು ಫೋಟೊ, ಅದೇ ಗೊಂದಲ. ಇಪ್ಪತ್ತು ಪಟ್ಟಿನ ಆಬ್ಜೆಕ್ಟಿವ್ ಹಾಕೋಣ ಅಂತ ಅಡಾಪ್ಟರ್ ತರಿಸಿದರೆ ಇನ್ನೊಬ್ಬ ಮಹಾನುಭಾವರು ಆರ್‌ಎಂಎಸ್ ಅಳತೆಯ ತಿರುಪಿನ ಬದಲು ಎಂ25 ತಿರುಪಿನದು ಕಳಿಸಿದ್ದಾರೆ. 20.32 ಮಿಲಿಮೀಟರ್ ಕೇಳಿದವರಿಗೆ 25. 'ಟೇಪ್ ಸುತ್ತಿಕೊಳ್ಳಿ' ಅನ್ನುವ ಸಲಹೆ ಉಚಿತ.

ಕಾಯುತ್ತಾ ಕೂತಾಗ ತಲೆ ಬೇರೆ ಕಡೆ ಓಡಿತು. ಮುಂದಿನ ಪ್ರಾಜೆಕ್ಟ್ ನಿರ್ಧಾರವಾಗಿದೆ: ಸ್ಯುಡಾಕ್ಟಿಯಾನ್ ನೊಣಗಳು. ಬೆಂಕಿ ಇರುವೆಯ ಎದೆಗೆ ಮೊಟ್ಟೆ ಚುಚ್ಚುತ್ತವೆ, ಹುಳು ತಲೆಯೊಳಗೆ ಸರಿದು ತಿಂದು ಖಾಲಿ ಮಾಡುತ್ತದೆ, ಕೊನೆಗೆ ತಲೆ ಕಳಚಿ ಬೀಳುತ್ತದೆ, ಅದರೊಳಗೇ ಕೋಶಾವಸ್ಥೆ. ಅಮೆರಿಕದಲ್ಲಿ 1990ರ ದಶಕದ ಕೊನೆಯಿಂದ ಇವನ್ನು ಬೇಕೆಂದೇ ಬಿಡುತ್ತಿದ್ದಾರೆ. ಮೊಟ್ಟೆ ಚುಚ್ಚುವ ಅಂಗದ ಆಕಾರ ಜಾತಿಗೊಂದು ಥರ. ಕರ್ವೇಟಸ್ ಚಿಕ್ಕ ಇರುವೆಗಳನ್ನು ಹುಡುಕುತ್ತದೆ, ಟ್ರೈಕಸ್ಪಿಸ್ ದೊಡ್ಡವನ್ನು. ಆ ಅಂಗಗಳನ್ನು ಒಂದೇ ಅಳತೆಯಲ್ಲಿ ಸಾಲಾಗಿ ಸ್ಟ್ಯಾಕ್ ಮಾಡಿದರೆ ಹೇಗಿರುತ್ತದೆ, ಯೋಚಿಸಿ! ಚೀಟಿಯಲ್ಲಿ ಸರಿಯಾದ ಹೆಸರಿರುವ ಸ್ಪೆಸಿಮನ್ ಯಾರಲ್ಲಾದರೂ ಇದ್ದರೆ ಹೇಳಿ, ವಿನಿಮಯಕ್ಕೆ ನಾನು ಸಿದ್ಧ.

ಹ್ಞಾ, ಹಲ್ಲು. ದಾರಿ ತೆರೆದದ್ದು ಎರಡು ಕೆಲಸದಿಂದ. ಮೊದಲು ಇರುವೆಯನ್ನು ಕಾರ್ಡ್ ಸಮೇತ ತೇವದ ಡಬ್ಬಿಯಲ್ಲಿಟ್ಟು ಮೆತ್ತಗೆ ಮಾಡಿದೆ. ಆಮೇಲೆ ಮಿನ್ಯುಟನ್ ಅನ್ನುವ ತೀರಾ ಸಣ್ಣ ಪಿನ್ನಿನಿಂದ ದವಡೆಗಳನ್ನು ಒಂದೊಂದಾಗಿ ಹೊರಕ್ಕೆ ಸರಿಸಿದೆ. ಎಡದ್ದು ಸುಲಭಕ್ಕೆ ಬಂತು. ಬಲದ್ದು ಒಂದು ಸಲ ಸ್ಪ್ರಿಂಗಿನಂತೆ ವಾಪಸ್ ಮುಚ್ಚಿಕೊಂಡಿತು, ಉಸಿರು ಹಿಡಿದು ಮತ್ತೆ ತೆಗೆದೆ. ದವಡೆ ತೆರೆದರೆ ಅಂಚಿನ ಹಿಂದೆ ಖಾಲಿ ಜಾಗ ಸಿಗುತ್ತದೆ. ಅಲ್ಲಿಂದ ಬೆಳಕು ಬಿಟ್ಟರೆ ಅಂಚು ಕಪ್ಪು ನೆರಳಾಗಿ ನಿಲ್ಲುತ್ತದೆ. ಹೊಳಪಿನ ಕಾಟವೇ ಇಲ್ಲ.

ಎರಡನೆಯದು, ಒಂದೇ ಸ್ಟ್ಯಾಕ್ ನಂಬುವುದನ್ನು ಬಿಟ್ಟೆ. ಇರುವೆಯ ಕಾರ್ಡ್ ಚುಚ್ಚಿರುವ ಪಿನ್ನನ್ನು ಎಡಕ್ಕೆ ಸ್ವಲ್ಪ ತಿರುಗಿಸಿ ಒಂದು, ಬಲಕ್ಕೆ ಸ್ವಲ್ಪ ತಿರುಗಿಸಿ ಇನ್ನೊಂದು. ಎರಡು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಬದಲಾಯಿಸುತ್ತಾ ನೋಡಿದರೆ, ಮುಂದಕ್ಕೆ ಚಾಚಿದ ಕೂದಲಿನ ತುದಿ ಅತ್ತಿತ್ತ ಓಡುತ್ತದೆ. ಹಲ್ಲು ಅಂಚಿನ ಜತೆಗೇ ಇರುತ್ತದೆ. ಜೆಮಿನೇಟಾದಲ್ಲಿ ಕೂದಲು ಸರಿದಾಗ ಅದರ ಬುಡದಲ್ಲಿ ಅಂಚು ಸಪಾಟಾಗಿತ್ತು. ನಾಲ್ಕನೇ ಪೆಟ್ಟಿಗೆಯದರಲ್ಲಿ ಕೂದಲು ಸರಿಯಿತು, ಅಗಲ ಬುಡದ ಚಿಕ್ಕ ತ್ರಿಕೋನ ಅಲ್ಲೇ ಉಳಿಯಿತು. ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದೆ.

ಹಾಗಂತ ಚೀಟಿ ಬರೆಯುವುದು ಸುಲಭ ಅಲ್ಲ. ಈ ಹಲ್ಲು ರಿಕ್ಟೆರಿ ಅನ್ನುವ ಇನ್ನೊಂದು ಬೆಂಕಿ ಇರುವೆ ಜಾತಿಗೂ ಇದೆ. ಅದು ಕಪ್ಪು ಮೈ, ಹೊಟ್ಟೆಯ ಮೇಲೆ ಹಳದಿ ಪಟ್ಟಿಯ ಇರುವೆ. ನನ್ನದು ಕೆಂಗಂದು, ಪಟ್ಟಿ ಇಲ್ಲ. ಅಷ್ಟಕ್ಕೆ ನೆಮ್ಮದಿ ಅನ್ನುವ ಹಾಗಿಲ್ಲ, ಯಾಕೆಂದರೆ ಅಮೆರಿಕದಲ್ಲಿ ಇನ್ವಿಕ್ಟಾ, ರಿಕ್ಟೆರಿ ಎರಡೂ ಬೆರೆತು ಮಿಶ್ರತಳಿ ಹುಟ್ಟಿದೆ. ಅದನ್ನು ಹಿಡಿಯಲು ವಿಷದ ಮತ್ತು ಮೈಮೇಣದ ರಾಸಾಯನಿಕ ಪರೀಕ್ಷೆ ಬೇಕು, ಕ್ಯಾಮೆರಾ ಸಾಲದು. ಹೆಸರಿನ ರಗಳೆ ಬೇರೆ. ಇನ್ವಿಕ್ಟಾ ಅಂತ ಇರುವೆ ತಜ್ಞ ಬ್ಯೂರೆನ್ ಹೆಸರಿಟ್ಟದ್ದು 1972ರಲ್ಲಿ. ಇನ್ನೊಬ್ಬ ತಜ್ಞ ಸ್ಯಾಂಟ್‌ಶಿ 1916ರಲ್ಲೇ ವ್ಯಾಗ್ನರಿ ಅಂತ ಇಟ್ಟಿದ್ದ ಹೆಸರು ಆಮೇಲೆ ಹೊರಬಂತು, 2001ರಲ್ಲಿ ಇನ್ವಿಕ್ಟಾವನ್ನೇ ಉಳಿಸಿಕೊಂಡರು. ಹಳೆಯ ಸಂಗ್ರಹಗಳಲ್ಲಿ ಸೇವಿಸ್ಸಿಮಾ ಅಂತಲೂ ಸಿಗುತ್ತದೆ. ನಾನು 'ಸೊಲೆನೋಪ್ಸಿಸ್, ಇನ್ವಿಕ್ಟಾಕ್ಕೆ ಹೋಲುವುದು, ಸ್ಥಳ ಗೊತ್ತಿಲ್ಲ' ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.

ಈಗ ಸೊಂಟದ ಚಾಚನ್ನೂ ನೋಡಿ ಖಚಿತ ಮಾಡಿಕೊಳ್ಳುವ ಆಸೆ. ಅಸಿಟೋನ್‌ಗೆ ಈ ಅಂಟು ನಿಧಾನಕ್ಕೆ ಬಿಡುತ್ತದೆ, ಆದರೆ ಒಣಗಿದ ಇರುವೆಯ ಸೊಂಟ ತಡೆಯುತ್ತದೋ ಅನ್ನುವುದೇ ಭಯ. ನಿಮ್ಮಲ್ಲಿ ಯಾರಾದರೂ ಇಷ್ಟು ಚಿಕ್ಕ ಸ್ಪೆಸಿಮನ್ ಅನ್ನು ಸೂಪರ್ ಗ್ಲೂನಿಂದ ಇಡಿಯಾಗಿ ಬಿಡಿಸಿದ್ದರೆ, ಎಷ್ಟು ಹೊತ್ತು ನೆನೆಸಿದಿರಿ, ಆಮೇಲೆ ಯಾವುದರಲ್ಲಿ ತೊಳೆದಿರಿ, ತಿಳಿಸಿ. ಅಷ್ಟರೊಳಗೆ ಸರಿಯಾದ ಅಡಾಪ್ಟರ್ ಬಂದರೆ ಮೊದಲು ವಾಸ್ಮಾನಿಯಾದ ಮೀಸೆ ತೆಗೆಯುತ್ತೇನೆ.